ನೈಫ್‌ನಲ್ಲಿ ಕೆ ಯಾಕಿದೆ? ಮಕ್ಕಳಿಗೆ ಕಾರಣ ಹೇಳಬೇಕೋ, ಬಾಯಿಪಾಠ ಸಾಕೋ?

ಸವಿತಾ, ಧಾರವಾಡ: ಮಗಳು ಐದನೇ ಕ್ಲಾಸು, ಕನ್ನಡ ಮೀಡಿಯಂ. ಡಿಕ್ಟೇಶನ್ ಬರೆಸುವಾಗ ನೈಫ್ ಅಂದೆ, ಎನ್‌ನಿಂದ ಶುರು ಮಾಡಿದಳು. ತಿದ್ದಿದ್ದಕ್ಕೆ, 'ಬಾಯಲ್ಲಿ ಬಾರದ ಕೆ ಕೈಯಲ್ಲಿ ಯಾಕೆ ಬರೀಬೇಕು?' ಅಂತ ಕೇಳಿದಳು. ಶಾಲೆಯಲ್ಲಿ ಕೇಳಿದರೆ ಬಾಯಿಪಾಠ ಮಾಡು ಅಂದರಂತೆ. ನಿಜವಾಗಿ ಏನಾದರೂ ಕಾರಣ ಇದೆಯಾ?

ವಿನಾಯಕ, ಹುಬ್ಬಳ್ಳಿ: ಕಾರಣ ಹುಡುಕಬೇಡಿ ಅಕ್ಕಾ. ಟಫ್, ದೋ, ಥ್ರೂ, ಕಾಫ್: ನಾಲ್ಕರ ಕೊನೆಗೂ ಒ-ಯು-ಜಿ-ಎಚ್, ಹೇಳೋದು ನಾಲ್ಕು ಥರ. ನಾನು ಟ್ಯೂಶನ್ ಹೇಳ್ತೀನಿ. ಸ್ಪೆಲಿಂಗ್ ತಪ್ಪಿದರೆ ಮಾರ್ಕ್ಸ್ ಹೋಗುತ್ತೆ, ಕಾರಣ ಯಾರೂ ಕೇಳಲ್ಲ. ಕನ್ನಡದಲ್ಲಿ ಅಕ್ಷರ ಕಲಿತ ಮಗು ಎಂಥ ಪದ ಕೊಟ್ಟರೂ ಓದುತ್ತೆ. ಇಂಗ್ಲಿಷಿಗೆ ಬಾಯಿಪಾಠವೇ ದಾರಿ.

ಬಸವರಾಜ ಮಾಸ್ತರ, ಗದಗ: ಕಾರಣ ಖಂಡಿತ ಇದೆ ಸವಿತಾ ಅವರೇ. ಆ ಕೆಯನ್ನು ಇಂಗ್ಲಿಷರು ಹಿಂದೆ ಹೇಳುತ್ತಿದ್ದರು, 'ಕ್ನೀಫ್' ಅಂತ. ಮೊಣಕಾಲಿನ ನೀ ಕೂಡ ಹಾಗೇ. ಜರ್ಮನ್ನರು ಇವತ್ತಿಗೂ ಅದಕ್ಕೆ 'ಕ್ನೀ' ಅನ್ನುತ್ತಾರೆ. ನಮ್ಮ ನಿಘಂಟಿನ ಕಿಟೆಲ್ ಅವರ ಮಾತೃಭಾಷೆ ಅದು.

ಇನ್ನೊಂದು ನೋಡ್ರಿ. ನೇಮ್ ಅನ್ನೋ ಪದ. 14ನೇ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಹೆಚ್ಚುಕಡಿಮೆ ನಮ್ಮ 'ನಾಮ'ದ ಹಾಗೇ ಹೇಳುತ್ತಿದ್ದರು. ಎನ್-ಎ-ಎಮ್-ಇ ಬರೆದು ನೋಡಿ. ಎ ಅಂದರೆ ಆ, ಕೊನೆಯ ಇಗೂ ಸಣ್ಣ ಧ್ವನಿ ಇತ್ತು. ಅಂದರೆ ಬರೆದ ಹಾಗೇ ಓದುತ್ತಿದ್ದರು! (ನೇಮ್, ನಾಮ ಎರಡೂ ಒಂದೇ ಮೂಲದವು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹುಡುಗರ ಕಣ್ಣು ಅರಳುತ್ತೆ.) ಆಮೇಲೆ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಅದಕ್ಕೆ ಸುಮಾರು 1400ರಿಂದ 1700ರವರೆಗೆ ಕಾಲ ಹಿಡಿಯಿತು. ನಡುವೆ 1476ರಲ್ಲಿ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ ಅಚ್ಚಿನ ಯಂತ್ರ ತಂದ. ಮಾತು ಮುಂದೆ ಹೋಯ್ತು, ಅಚ್ಚಿನ ಸ್ಪೆಲಿಂಗ್ ಅಲ್ಲೇ ಉಳಿಯಿತು.

ವಿನಾಯಕ: ಕೇಳಲಿಕ್ಕೆ ಚೆನ್ನಾಗಿದೆ ಸರ್. ಆದರೆ ಸಾಲ ಅನ್ನೋ ಅರ್ಥದ ಡೆಟ್‌ನಲ್ಲಿ ಬಿ ಇದೆಯಲ್ಲ, ಅದನ್ನು ಇಂಗ್ಲಿಷಿನಲ್ಲಿ ಯಾರೂ ಯಾವತ್ತೂ ಹೇಳಿಲ್ಲ. ಫ್ರೆಂಚಿನಿಂದ ಬಂದಾಗ ಬಿ ಇರಲಿಲ್ಲ. ಲ್ಯಾಟಿನ್ ಓದಿದ ಪಂಡಿತರು 'ಡೆಬಿಟಮ್' ನೆನಪಿಸಲಿಕ್ಕೆ ಸುಮ್ನೆ ತುರುಕಿದರು. ಐಲ್ಯಾಂಡ್‌ನ ಎಸ್ ಅಂತೂ ಪೂರಾ ತಪ್ಪು ತಿಳಿವಳಿಕೆಯಿಂದ ಬಂದದ್ದು. ಅದು ಹಳೇ ಇಂಗ್ಲಿಷಿನದೇ ಪದ, ದ್ವೀಪ ಅನ್ನೋ ಅರ್ಥದ್ದೇ ಆದ, ಬೇರೆ ಮೂಲದ ಐಲ್ (ಐ-ಎಸ್-ಎಲ್-ಇ) ಜೊತೆ ನಂಟು ಹಚ್ಚಿ ಎಸ್ ಸೇರಿಸಿದರು. ಪಂಡಿತರ ತಪ್ಪನ್ನು ಮಗುವಿಗೆ ಯಾಕೆ ಹೊರಿಸಬೇಕು?

ಶಕುಂತಲಾ, ಹಾವೇರಿ: ತಪ್ಪಾದರೂ ಹೇಳಬೇಕು ವಿನಾಯಕ. ಕಷ್ಟ ತನ್ನ ದಡ್ಡತನದಿಂದ ಬಂದದ್ದಲ್ಲ ಅಂತ ಮಗುವಿಗೆ ಗೊತ್ತಾಗುತ್ತೆ. ಕನ್ನಡದಲ್ಲೂ ಇಂಥ ಬದಲಾವಣೆ ಆಗಿದೆ. ಹಳಗನ್ನಡದಲ್ಲಿ ಏಳು ಅನ್ನೋ ಸಂಖ್ಯೆಯಲ್ಲಿ ೞ ಇತ್ತು. ಆ ಧ್ವನಿ ಹೋಯ್ತು, ನಾವು ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷರು ಬಿಡಲಿಲ್ಲ. ಅಷ್ಟಕ್ಕೂ ನಾವೂ ಎಲ್ಲ ಹೇಳಿದ ಹಾಗೇ ಬರೆಯಲ್ಲ. ಶ, ಷ ಬೇರೆ ಮಾಡಿ ಮಾತಾಡೋರು ನಮ್ಮ ಕಡೆ ಎಷ್ಟು ಜನ ಇದ್ದಾರೆ?

ಇರ್ಫಾನ್, ಹಳೇ ಹುಬ್ಬಳ್ಳಿ: ನಾನು ಬಡಗಿ. ಸ್ಪೆಲಿಂಗ್ ವಿಷಯ ನನಗೆ ಬೇಡ. ಆದರೆ ದಾಂಡೇಲಿಯ ತೇಗಕ್ಕೆ ಗಿರಾಕಿಗಳು ಟೀಕ್ ಅಂತಾರಲ್ಲ, ಅದು ನಮ್ಮ ಕಡೆಯಿಂದಲೇ ಹೋದ ಪದ. ಮಲಯಾಳದ 'ತೇಕ್ಕ್' ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿಗೆ ಹೋಯ್ತು. ಅವರು ಮಲಗುವ ಕಾಟ್ ನಮ್ಮ ಖಾಟ್. ಮಕ್ಕಳಿಗೆ ಇದನ್ನೂ ಹೇಳ್ರಿ, ಇಂಗ್ಲಿಷ್ ಅಂದರೆ ಹೆದರಿಕೆ ಕಡಿಮೆ ಆಗುತ್ತೆ.

ವಿನಾಯಕ: ಇರ್ಫಾನ್ ಭಾಯ್, ಅದು ಖುಷಿಯ ಮಾತೇ. ಆದರೆ ಡಿಕ್ಟೇಶನ್ನಿಗೆ ಉಪಯೋಗ ಆಗೋದನ್ನು ಯಾರಾದರೂ ಹೇಳಿ.

ಬಸವರಾಜ ಮಾಸ್ತರ: ಅದೂ ಇದೆ. ಸೈನ್‌ನಲ್ಲಿ ಜಿ ಕೇಳಲ್ಲ, ಸಿಗ್ನೇಚರ್‌ನಲ್ಲಿ ಕೇಳುತ್ತೆ. ಬಾಂಬ್‌ನ ಕೊನೆಯ ಬಿ ಇಂಗ್ಲಿಷರು ಹೇಳಲ್ಲ, ಬಾಂಬಾರ್ಡ್ ಅಂದಾಗ ಹೇಳ್ತಾರೆ. ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ ಬಾಯಿಗೆ ಬರುತ್ತೆ. ಜೋಡಿಯಾಗಿ ಕಲಿಸಿದರೆ ಮೂಕ ಅಕ್ಷರ ಮರೆಯೋದೇ ಇಲ್ಲ. ನೈಫ್‌ಗೆ ಇಂಥ ಜೋಡಿ ಇಲ್ಲ, ಅದಕ್ಕೆ ಕಥೆಯೇ ಬೇಕು.

ವಿನಾಯಕ: ಜೋಡಿ ಮಾಡೋದು ಒಪ್ಪಿದೆ, ನನ್ನ ಬ್ಯಾಚಿಗೂ ಹೇಳ್ತೀನಿ. ಒ-ಯು-ಜಿ-ಎಚ್ ಮಾತ್ರ ಬಾಯಿಪಾಠವೇ.

ಸವಿತಾ: ಮಾಸ್ತರರೇ, ಕಾಲಮ್ ಕೊನೆಯ ಎನ್‌ಗೂ ಜೋಡಿ ಇದೆಯಾ? ಈ ವಾರದ ಪಟ್ಟಿಯಲ್ಲಿ ಅದೂ ಇದೆ.

ಬಸವರಾಜ ಮಾಸ್ತರ: ಇದೆ, ಕಾಲಮ್ನಿಸ್ಟ್. ಪತ್ರಿಕೆಯಲ್ಲಿ ಅಂಕಣ ಬರೆಯುವವರು.