ಮೋಡ ಕಟ್ಟಿದರೆ ಸೊಂಟ ನೋವು, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಕುಮಟಾದವಳು. ನಾಲ್ಕೈದು ವರ್ಷದಿಂದ ಸೊಂಟ ನೋವು. ಎಂಆರ್‌ಐನಲ್ಲಿ ವಯಸ್ಸಿಗೆ ತಕ್ಕ ಸವೆತ ಬಿಟ್ಟರೆ ಏನೂ ಇಲ್ಲ ಅಂದರು. ಆದರೆ ಸಮುದ್ರದ ಕಡೆ ಮೋಡ ಕಟ್ಟಿದರೆ ಸಾಕು, ಏಳಲಾಗುವುದಿಲ್ಲ. ಮನೆಯವರು "ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಅಂತಾರೆ. ಹೌದಾ?

ಉತ್ತರ: ಅಕ್ಕಾ, ನಿಮ್ಮ ನೋವು ನಿಜ. ಇದನ್ನು ಮನೆಯವರಿಗೂ ಓದಿ ಹೇಳಿ.

ಹವೆಯ ಪಾಲು ಇದೆ, ಆದರೆ ಸಣ್ಣದು. ಬ್ರಿಟನ್ನಿನಲ್ಲಿ 2,658 ಜನರ ನೋವಿನ ದಾಖಲೆ ನೋಡಿದ ಅಧ್ಯಯನ 2019ರಲ್ಲಿ ಬಂತು. ಸಾಧಾರಣ ದಿನ ನೂರಕ್ಕೆ 5 ಇರುವ ನೋವಿನ ಸಾಧ್ಯತೆ, ಗಾಳಿ ಜೋರಾಗಿ ಹವೆಯಲ್ಲಿ ತೇವ ಹೆಚ್ಚಿರುವ ದಿನ 6 ಆಗಬಹುದು, ಅಷ್ಟೇ. ಗಾಳಿಯ ಒತ್ತಡ ಇಳಿಯುವುದೊಂದೇ ಕಾರಣವಾಗಿದ್ದರೆ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲೇ ನೀವು ನರಳಬೇಕಿತ್ತು, ಅಲ್ವಾ? ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹತ್ತುವಾಗ ಒತ್ತಡ 60 ಮಿಲಿಬಾರಿಗಿಂತ ಜಾಸ್ತಿ ಇಳಿಯುತ್ತದೆ. ಸಾಧಾರಣ ಮಳೆಮೋಡದಿಂದ ಇಳಿಯುವುದು ಕೆಲವೇ ಮಿಲಿಬಾರು.

ಉಳಿದ ಪಾಲು ನರಮಂಡಲದ್ದು. ನೋವು ಮೂರು ತಿಂಗಳು ದಾಟಿದರೆ ಮಿದುಳು ಅದನ್ನು ಕಲಿತುಬಿಡಬಹುದು. ಮೋಡ ಕಂಡ ಕೂಡಲೇ ಅಪಾಯ ಅಂತ ಎಚ್ಚರಿಸುತ್ತದೆ. ಮೈ ಬಿಗಿಯಾಗುತ್ತದೆ, ನಿದ್ದೆ ಕೆಡುತ್ತದೆ. ಮಳೆಗಾಲದಲ್ಲಿ ನಾವು ಅಂಗಳಕ್ಕೂ ಇಳಿಯುವುದಿಲ್ಲ, ಕೂತು ಕೂತು ನೋವು ಇನ್ನೂ ಬಲಿಯುತ್ತದೆ. ಇದು ಯಾರೂ ಬೇಕಂತ ಮಾಡಿಕೊಳ್ಳುವುದಲ್ಲ.

ಕಲಿತದ್ದನ್ನು ಮರೆಸಲೂಬಹುದು. ಅಮೆರಿಕದಲ್ಲಿ 151 ಜನ ಬೆನ್ನು ನೋವಿನವರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನೋವೆಂದರೆ ಮೈಗೆ ಪೆಟ್ಟು ಅಂತಲ್ಲ ಎಂದು ಮಿದುಳಿಗೆ ಕಲಿಸುವ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 66 ಮಂದಿಗೆ ನೋವು ಪೂರ್ತಿ ಅಥವಾ ಹೆಚ್ಚುಕಮ್ಮಿ ಹೋಗಿತ್ತು. ಎಂದಿನ ಚಿಕಿತ್ಸೆಯಲ್ಲೇ ಇದ್ದವರಲ್ಲಿ ನೂರಕ್ಕೆ 10 ಮಂದಿಗೆ ಮಾತ್ರ.

ಮೋಡ ಇರಲಿ ಬಿಸಿಲಿರಲಿ, ಜಗಲಿಯಲ್ಲೇ ಎರಡು ಹೊತ್ತು ಹತ್ತು ನಿಮಿಷ ನಡೆಯಿರಿ. ಮೋಡದ ದಿನ ಖಂಡಿತ ಬಿಡಬೇಡಿ. ಒಂದು ತಿಂಗಳು ರಾತ್ರಿ ನೋವಿಗೆ ಹತ್ತರಲ್ಲಿ ಅಂಕ ಬರೆದಿಡಿ. ಮಳೆಯ ಲೆಕ್ಕವನ್ನು ಮನೆಯವರು ಬೇರೆ ಹಾಳೆಯಲ್ಲಿ ಬರೆಯಲಿ. ಕೊನೆಗೆ ಎರಡನ್ನೂ ಜೋಡಿಸಿ ನೋಡಿ. ಬಿಸಿನೀರಿನ ಚೀಲ ಹಿತವಾದರೆ ಇಟ್ಟುಕೊಳ್ಳಿ.

ಶಿರಸಿಯಿಂದ ಇನ್ನೊಬ್ಬರು: ಅಮ್ಮನಿಗೆ ಬೆಳಿಗ್ಗೆ ಬೆರಳ ಗಂಟುಗಳು ಊದಿರುತ್ತವೆ. ಒಂದು ತಾಸು ಮಡಚಲಾಗುವುದಿಲ್ಲ. ಥಂಡಿಗೆ ಹೀಗಾಗುತ್ತಾ ಡಾಕ್ಟ್ರೇ?

ಉತ್ತರ: ಥಂಡಿಯದ್ದು ಅಂತ ಬಿಡಬೇಡಿ. ಊತ, ಅರ್ಧ ತಾಸಿಗೂ ಮೀರಿದ ಬಿಗಿತ ಇದ್ದರೆ ಸಂಧಿವಾತ ಇರಬಹುದು. ಮಳೆ ಮುಗಿಯುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಸೊಂಟ ನೋವಿನವರಿಗೂ ಒಂದು ಮಾತು: ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.