ಡೂಪ್ಲಿಕೇಟ್ ಕೀ ಹಾಕಿದರೆ ಕಾರು ಒಂದು ಸಲ ಗುರ್ ಅಂದು ಆಫ್ ಆಗುತ್ತದೆ, ಯಾಕೆ?

ಕ್ಯಾತ್ಸಂದ್ರದಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು, 2012ರ ಮಾಡೆಲ್. ಒಂದೇ ಕೀ ಕೊಟ್ಟಿದ್ದರು, ಮೊನ್ನೆ ಇನ್ನೊಂದು ಕಟ್ ಮಾಡಿಸಿದೆ. ಬಾಗಿಲು ತೆಗೆಯುತ್ತದೆ, ಸ್ಟಾರ್ಟರ್ ತಿರುಗುತ್ತದೆ, ಎರಡೇ ಸೆಕೆಂಡಿಗೆ ಇಂಜಿನ್ ಆಫ್. ಮೀಟರ್‌ನಲ್ಲಿ ಕೆಂಪು ದೀಪ ಮಿಣುಕುತ್ತದೆ. ಬ್ಯಾಟರಿ ಹೋಗಿರಬಹುದಾ?

— ಸ್ಟಾರ್ಟರ್ ತಿರುಗುತ್ತಿದೆ ಅಂದಮೇಲೆ ಬ್ಯಾಟರಿ ಚೆನ್ನಾಗಿಯೇ ಇದೆ. ಅದು ಇಮೊಬಿಲೈಸರ್, ಅಂದರೆ ಬೇರೆ ಕೀ ಹಾಕಿದರೆ ಇಂಜಿನ್ ಓಡದಂತೆ ತಡೆಯುವ ಕಳ್ಳರ ಕಾವಲು. ನಿಮ್ಮ ಹಳೇ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಭತ್ತದ ಕಾಳಿನಷ್ಟು ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಕಿಲ್ಲ. ಕೀ ತೂರಿಸುವ ಜಾಗದ ಸುತ್ತ ಒಂದು ತಂತಿ ಸುರುಳಿ ಇದೆ, ಕೀ ತಿರುಗಿಸಿದಾಗ ಅದರಿಂದಲೇ ಚಿಪ್ಪಿಗೆ ಕರೆಂಟು ಸಿಗುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ ಮಾತುಕತೆ. ಕಾರು ಪ್ರತಿಸಲ ಹೊಸ ಪ್ರಶ್ನೆ ಕೇಳುತ್ತದೆ, ಚಿಪ್ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ತೀರಾ ಹಳೇ ಕಾರುಗಳಲ್ಲಿ ಬರೀ ಒಂದು ನಂಬರು ಹೇಳಿದರೆ ಸಾಕಿತ್ತು. ಉತ್ತರ ತಪ್ಪಾದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಬಿಡುವುದಿಲ್ಲ. ನಿಮ್ಮ ಹೊಸ ಕೀ ಬರೀ ಕಬ್ಬಿಣ.

— 2012ರ ಕಾರಲ್ಲೂ ಇದೆಲ್ಲ ಇರುತ್ತಾ?

— ಯುರೋಪಿನಲ್ಲಿ 1998ರಿಂದಲೇ ಹೊಸ ಕಾರುಗಳಿಗೆ ಕಡ್ಡಾಯ ಸ್ವಾಮಿ!

— ನನ್ನ ಕಥೆ ಕೇಳಿ. ಕೀ ಕವರ್ ಒಡೆದಿತ್ತು, ಹೊಸದು ತಂದು ನಾನೇ ಹಾಕಿದೆ. ರಿಮೋಟ್ ಬೋರ್ಡು, ಸೆಲ್ ಎಲ್ಲ ನೀಟಾಗಿ ಕೂರಿಸಿದೆ. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹೊರಡಬೇಕು, ಬಾಗಿಲು ಕುಯ್ ಅಂತ ತೆರೆಯಿತು, ಗಾಡಿ ಮಾತ್ರ ಸ್ಟಾರ್ಟ್ ಇಲ್ಲ. ಚಿಪ್ ಹಳೇ ಕವರಿನ ಮೂಲೆಯಲ್ಲೇ ಅಂಟಿಕೊಂಡಿತ್ತು. ಕವರ್ ಎಲ್ಲಿ? ಕಸದ ಬುಟ್ಟಿಯಲ್ಲಿ, ಈರುಳ್ಳಿ ಸಿಪ್ಪೆಯ ಕೆಳಗೆ. ಪುಣ್ಯಕ್ಕೆ ಕಸದ ಗಾಡಿ ಅವತ್ತು ತಡವಾಗಿ ಬಂತು.

— ಒಂದೇ ರಿಂಗಿನಲ್ಲಿ ಎರಡು ಕಾರಿನ ಕೀ ಇದ್ದರೂ ಕೆಲವೊಮ್ಮೆ ಹೀಗೆ ಕೈಕೊಡುತ್ತದೆ. ಬಿಡಿಸಿ ನೋಡಿ.

— ಕೆಲವರು ಒಂದು ಚಿಪ್ಪನ್ನು ಸ್ಟೇರಿಂಗ್ ಕೆಳಗೆ ಟೇಪ್ ಹಾಕಿ ಅಂಟಿಸಿಕೊಡುತ್ತಾರೆ, ಸುಮ್ನೆ ಅಗ್ಗ ಅಂತ. ಬೇಡವೇ ಬೇಡ. ಆಮೇಲೆ ಹಲ್ಲು ಹೊಂದುವ ಯಾವ ಕಬ್ಬಿಣದ ಕೀಗೂ ಗಾಡಿ ಹೊರಡುತ್ತದೆ, ಕಳ್ಳನಿಗೆ ನಾವೇ ಬಾಗಿಲು ತೆಗೆದಂತೆ. ಚಿಪ್ ಇರುವ ಕೀ ಕಟ್ ಮಾಡಿಸಿ, ಸ್ಕ್ಯಾನರ್ ಇಟ್ಟವರ ಹತ್ತಿರ ಕಾರಿಗೆ ಪರಿಚಯ ಮಾಡಿಸಿ. ಹಳೇ ಕೀಯನ್ನೂ, ಆರ್‌ಸಿಯನ್ನೂ ಒಯ್ಯಿರಿ. ಇರುವ ಒಂದೂ ಕಳೆದುಹೋದರೆ ಖರ್ಚು ಜಾಸ್ತಿ, ಕೆಲವು ಕಾರಿನಲ್ಲಿ ಇಸಿಯುವನ್ನೇ ಬಿಚ್ಚಬೇಕಾಗುತ್ತದೆ. ಅನುಮಾನ ಇದ್ದರೆ ಹೊಸ ಕೀ ತಿರುಗಿಸುವಾಗ ಹಳೇ ಕೀಯ ತಲೆಯನ್ನು ಅದಕ್ಕೆ ಒತ್ತಿ ಹಿಡಿಯಿರಿ.

— ಹಿಡಿದೆ. ಸ್ಟಾರ್ಟ್ ಆಯಿತು, ಆಫ್ ಆಗಲಿಲ್ಲ! ನಾಳೆಯೇ ಎರಡೂ ಕೀ ಹಿಡಿದುಕೊಂಡು ಹೋಗುತ್ತೇನೆ.