ಕರೆಂಟ್ ಹೋಗುವ ಮುನ್ನ ಮನೆಯ ಸಿದ್ಧತೆ: ವಿದ್ಯುತ್ ಗುತ್ತಿಗೆದಾರರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಸದಸ್ಯರು ರಾತ್ರಿಯಿಡೀ ಕತ್ತಲಲ್ಲಿ ಕಳೆಯುತ್ತಿದ್ದಾರೆ. ಕೋಲಾರದಲ್ಲಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಾಗಿರುವ ನಮ್ಮ ಸದಸ್ಯರು ಇಂದು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಗಳನ್ನು ಕೇಳಬಹುದು.

ಮಾಲೂರಿನ ಸದಸ್ಯರು: ನಮಸ್ಕಾರ ಸರ್. 150 ಆಂಪಿಯರ್-ಅವರ್ ಬ್ಯಾಟರಿಯ ಯು.ಪಿ.ಎಸ್. ಎಷ್ಟು ಹೊತ್ತು ಬರುತ್ತದೆ?

ಗುತ್ತಿಗೆದಾರರು: ನಮಸ್ಕಾರ. 12 ವೋಲ್ಟನ್ನು 150ರಿಂದ ಗುಣಿಸಿದರೆ 1,800 ವಾಟ್-ಅವರ್ ಆಗುತ್ತದೆ. ಯು.ಪಿ.ಎಸ್.ನಲ್ಲಾಗುವ ನಷ್ಟವನ್ನು ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದಂತೆ ಲೆಕ್ಕ ಹಾಕಿದರೆ, ಹೊಸ ಬ್ಯಾಟರಿಯಲ್ಲೂ ಸುಮಾರು 1,000ದಿಂದ 1,200 ಎಂದು ಇಟ್ಟುಕೊಳ್ಳಿ. ಎರಡು ಫ್ಯಾನು, ನಾಲ್ಕು ಎಲ್.ಇ.ಡಿ. ಬಲ್ಬುಗಳಿಗೆ ಐದಾರು ಗಂಟೆ ಬರುತ್ತದೆ.

ಬಂಗಾರಪೇಟೆಯ ಸದಸ್ಯೆ: ಬ್ಯಾಟರಿಗೆ ಆರ್.ಓ. ಫಿಲ್ಟರ್ ನೀರು ಹಾಕಬಹುದೇ ಸರ್?

ಗುತ್ತಿಗೆದಾರರು: ಬೇಡ ಅಮ್ಮ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್.ಓ. ನೀರಿನಲ್ಲಿಯೂ ಲವಣದ ಅಂಶ ಉಳಿದಿರುತ್ತದೆ, ಅದು ಪ್ಲೇಟುಗಳನ್ನು ಹಾಳು ಮಾಡುತ್ತದೆ.

ಶಿಡ್ಲಘಟ್ಟದ ಸದಸ್ಯರು: ನಮ್ಮದು ರೇಷ್ಮೆ ಹುಳು ಸಾಕಣೆ. ನಾಲ್ಕನೆಯ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳು ಮನೆಯ ಫ್ಯಾನು ನಿಂತರೆ ಕಾವು ಏರುತ್ತದೆ. ಇದಕ್ಕೆ ಯಾವ ಯು.ಪಿ.ಎಸ್. ಸರಿ?

ಶ್ರೀನಿವಾಸಪುರದ ಸದಸ್ಯೆ: ಸರ್, ನಮ್ಮ ಮಾವನವರಿಗೆ ಶ್ವಾಸಕೋಶದ ತೊಂದರೆಯಿದ್ದು, ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ) ಮೇಲಿದ್ದಾರೆ. ವೈದ್ಯರು ನಿಮಿಷಕ್ಕೆ 2 ಲೀಟರ್ ಎಂದು ಬರೆದುಕೊಟ್ಟಿದ್ದಾರೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಹೋದ ಕರೆಂಟ್ ಬೆಳಗಿನ ಜಾವ ಬಂತು. ನನ್ನ ಮೈದುನ ಪೆಟ್ರೋಲ್ ಜನರೇಟರ್ ತಂದು, ಎರಡೂ ತುದಿಗೆ ಪ್ಲಗ್ ಇರುವ ಒಂದು ವೈರ್ ಮಾಡಿಸಿದ್ದಾರೆ. ಅದನ್ನು ವಾಷಿಂಗ್ ಮೆಷಿನ್ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತದೆ ಎನ್ನುತ್ತಾರೆ. ಜನರೇಟರ್ ಮೆಟ್ಟಿಲ ಕೆಳಗಿದೆ. ಇದು ಸರಿಯೇ?

ಗುತ್ತಿಗೆದಾರರು: ಅಮ್ಮ, ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಮೊದಲು ನಿಮಗೆ ಬರೆಯುತ್ತಿದ್ದೇನೆ. ಆ ವೈರನ್ನು ಇಂದೇ ಕತ್ತರಿಸಿ ಹಾಕಿ. ಜನರೇಟರ್ ಓಡುತ್ತಿರುವಾಗ ಒಂದು ತುದಿಯನ್ನು ಚುಚ್ಚಿದರೆ, ಇನ್ನೊಂದು ತುದಿಯ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಕತ್ತಲಲ್ಲಿ ಸಾಕೆಟ್ ಹುಡುಕುವವರ ಬೆರಳು ತಾಗುವುದು ಆ ಪಿನ್ನುಗಳಿಗೇ. ಮೇನ್ ಸ್ವಿಚ್ ಆಫ್ ಮಾಡಲು ಒಮ್ಮೆ ಮರೆತರೂ ಸಾಕು, ನಿಮ್ಮ ಮನೆಯ ವಿದ್ಯುತ್ತು ಸರ್ವಿಸ್ ವೈರಿನ ಮೂಲಕ ಕಂಬಕ್ಕೆ ಹೋಗುತ್ತದೆ, ಮತ್ತು 11,000 ವೋಲ್ಟನ್ನು ಇಳಿಸಿ ನಿಮಗೆ ಕೊಡುವ ಅದೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಅದನ್ನು ಹಿಮ್ಮುಖವಾಗಿ ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಆ ಹೊತ್ತಿನಲ್ಲಿ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್, ಲೈನ್ ಸತ್ತಿದೆ ಎಂದು ನಂಬಿ ಕೈ ಹಾಕಿರುತ್ತಾರೆ. ಮನೆಗೆ ಜನರೇಟರ್ ಜೋಡಿಸಬೇಕೆಂದರೆ, ಒಮ್ಮೆಗೆ ಲೈನ್ ಅಥವಾ ಜನರೇಟರ್ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಲೇಬೇಕು.

ಮೆಟ್ಟಿಲ ಕೆಳಗಿನಿಂದಲೂ ತೆಗೆಸಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಅಂಗಳದಲ್ಲಿ, ಕಿಟಕಿ ಬಾಗಿಲುಗಳಿಂದ ದೂರವಿಟ್ಟು, ದಪ್ಪನೆಯ ಎಕ್ಸ್‌ಟೆನ್ಷನ್ ವೈರಿನಲ್ಲಿ ನೇರವಾಗಿ ಕಾನ್ಸಂಟ್ರೇಟರಿಗೆ ಮಾತ್ರ ಕೊಡಿ. ಜನರೇಟರಿನ ವೋಲ್ಟೇಜ್ ಆ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಮಾರಿದವರನ್ನು ಮೊದಲೇ ಕೇಳಿ.

ಯು.ಪಿ.ಎಸ್. ಇದ್ದರೆ ಅದು ಸೈನ್ ವೇವ್ (ಲೈನ್ ಕರೆಂಟಿನಂಥದೇ ವಿದ್ಯುತ್ ಕೊಡುವಂಥದ್ದು) ಇರಲಿ. ನಿಮಿಷಕ್ಕೆ 5 ಲೀಟರ್ ಕೊಡಬಲ್ಲ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುವುದರಿಂದ, ಮೇಲೆ ಹೇಳಿದ ಬ್ಯಾಟರಿ ಮೂರು ಗಂಟೆ ಬಂದರೆ ಹೆಚ್ಚು. ಹಾಗಾಗಿ ನಿಮ್ಮ ನಿಜವಾದ ಆಸರೆ ಸಿಲಿಂಡರ್. ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಸಿಗುತ್ತದೆ. ಸಿಲಿಂಡರ್ ಮೀಟರಿನ ಮುಳ್ಳು ಎಲ್ಲಿದೆ ಎಂದು ವಾರಕ್ಕೊಮ್ಮೆ ನೋಡಿ. ಇನ್ನೊಂದು ಮಾತು: ಕರೆಂಟ್ ಹೋದೊಡನೆ ನಮ್ಮ ಕೈ ಬೆಂಕಿಪೊಟ್ಟಣಕ್ಕೆ ಹೋಗುತ್ತದೆ. ಆ ಕೋಣೆಯಲ್ಲಿ ಮೇಣದಬತ್ತಿ, ಎಣ್ಣೆದೀಪ, ಊದುಬತ್ತಿ ಯಾವುದೂ ಬೇಡ. ಆಕ್ಸಿಜನ್ ಸೇರಿಕೊಂಡ ಹೊದಿಕೆಗೆ ಕಿಡಿ ಸಾಕು. ಟಾರ್ಚನ್ನು ಮಾವನವರ ತಲೆದಿಂಬಿನ ಪಕ್ಕದಲ್ಲೇ ಇಡಿ.

ಮುಳಬಾಗಿಲಿನ ಸದಸ್ಯರು: ಉಪಯುಕ್ತ ಮಾಹಿತಿ, ಎಲ್ಲರಿಗೂ ಕಳುಹಿಸಿ: ಹಳೆಯ ಬ್ಯಾಟರಿಯ ಪ್ರತಿ ಕೋಶಕ್ಕೆ ಎರಡು ಆಸ್ಪಿರಿನ್ ಮಾತ್ರೆ ಹಾಕಿದರೆ ಹೊಸದರಂತಾಗುತ್ತದೆ.

ಗುತ್ತಿಗೆದಾರರು: ಆಗುವುದಿಲ್ಲ. ಮಾತ್ರೆ ಆ ಆಮ್ಲದಲ್ಲಿ ಒಡೆದು ಅಸಿಟಿಕ್ ಆಮ್ಲವಾಗಿ ಸೀಸದ ಪ್ಲೇಟನ್ನೇ ತಿನ್ನುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಬಿರಡೆ ತೆಗೆದು ಮೊಬೈಲ್ ಬೆಳಕಿಲ್ಲದೆ ಕಡ್ಡಿ ಗೀರಿದವರ ಮುಖ ಸುಟ್ಟಿದ್ದನ್ನು ನಾನು ನೋಡಿದ್ದೇನೆ. ಇಂಥದ್ದನ್ನು ಕಳುಹಿಸುವ ಮುನ್ನ ಯೋಚಿಸಿ.

ಮುಳಬಾಗಿಲಿನ ಸದಸ್ಯರು: ನಮ್ಮ ಭಾವನವರು ಮಾಡಿದ್ದಾರೆ, ಆರು ತಿಂಗಳು ಓಡಿತು.

ಚಿಂತಾಮಣಿಯ ಸದಸ್ಯರು: ಮಾತ್ರೆ ಹಾಕದಿದ್ದರೂ ಆರು ತಿಂಗಳು ಓಡುತ್ತಿತ್ತೇನೋ. ಅನುಭವಸ್ಥರು ಹೇಳಿದ ಮೇಲೆ ವಾದವೇಕೆ?

ಮುಳಬಾಗಿಲಿನ ಸದಸ್ಯರು: ನಿಮ್ಮನ್ನು ಯಾರೂ ಕೇಳಲಿಲ್ಲ.

ಗೌರಿಬಿದನೂರಿನ ಸದಸ್ಯರು: ಚಾವಣಿಯ ಮೇಲೆ ಸೋಲಾರ್ ಹಾಕಿಸಿದರೆ ಈ ಗೋಳೇ ಇಲ್ಲ.

ಚಿಂತಾಮಣಿಯ ಸದಸ್ಯರು: ನಮ್ಮ ಮನೆಯಲ್ಲಿದೆ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ.

ಗೌರಿಬಿದನೂರಿನ ಸದಸ್ಯರು: ಬಿಸಿಲಿರುವಾಗ ಹೇಗೆ ನಿಲ್ಲುತ್ತದೆ? ನಿಮಗೆ ಮೋಸವಾಗಿದೆ. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಡೆಯುತ್ತಿಲ್ಲವೇ?

ಕೆ.ಜಿ.ಎಫ್.ನ ಸದಸ್ಯರು: 1902ರಲ್ಲೇ ಶಿವನಸಮುದ್ರದಿಂದ ನಮ್ಮ ಗಣಿಗೆ ವಿದ್ಯುತ್ ಬಂತು. ಇಂದು ನಮ್ಮ ಬೀದಿಗೆ ಒಂದು ಕೊಂಬೆ ಬಿದ್ದರೆ ರಾತ್ರಿಯೆಲ್ಲ ಕತ್ತಲೆ. ಉತ್ಪಾದನೆ ಎಷ್ಟಿದ್ದರೇನು, ಮನೆ ಮುಂದಿನ ತಂತಿ ಸರಿಯಿರಬೇಕಲ್ಲ?

ಗುತ್ತಿಗೆದಾರರು: ಕೆ.ಜಿ.ಎಫ್.ನವರು ಹೇಳಿದ್ದು ಸರಿ. ಚಿಂತಾಮಣಿಯವರಿಗೆ ಮೋಸವಾಗಿಲ್ಲ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್‌ಮನ್ ಪ್ರಾಣ ಉಳಿಸಲೆಂದೇ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ಶ್ರೀನಿವಾಸಪುರದವರಿಗೆ ಬರೆದ ಅದೇ ಕಾರಣ.

ವೇಮಗಲ್‌ನ ಸದಸ್ಯರು: ಸರ್, ಬ್ಯಾಟರಿಗೆ ಆರ್.ಓ. ನೀರು ನಡೆಯುತ್ತದೆಯೇ?

ಗುತ್ತಿಗೆದಾರರು: ಮೇಲೆ ಓದಿ.

ಬಾಗೇಪಲ್ಲಿಯ ಸದಸ್ಯೆ: ಫ್ರಿಜ್‌ನಲ್ಲಿ ಇನ್ಸುಲಿನ್ ಇದೆ. ಏನು ಮಾಡಲಿ?

ಗುತ್ತಿಗೆದಾರರು: ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಿರುತ್ತದೆ. ಔಷಧದ ವಿಷಯವನ್ನು ವೈದ್ಯರಲ್ಲಿ ಕೇಳಿ, ನನ್ನಲ್ಲಿ ಬೇಡ.

ಮುಳಬಾಗಿಲಿನ ಸದಸ್ಯರು: ಒಬ್ಬರಿಗೆ ಪುಟಗಟ್ಟಲೆ ಉತ್ತರ, ಉಳಿದವರಿಗೆ ಗದರಿಕೆ.

ಗುತ್ತಿಗೆದಾರರು: ಅವರ ಮನೆಯಲ್ಲಿ ಒಂದು ಜೀವ ಸಾಕೆಟ್‌ಗೆ ಅಂಟಿಕೊಂಡಿದೆ. ನಿಮ್ಮ ಮನೆಯಲ್ಲಿಯೂ ಹಾಗಿದ್ದರೆ ಹೇಳಿ, ಪುಟಗಟ್ಟಲೆ ಬರೆಯುತ್ತೇನೆ.

ಶಿಡ್ಲಘಟ್ಟದ ಸದಸ್ಯರು: ಹುಳು ಮನೆಯ ಬಗ್ಗೆ ಕೇಳಿದ್ದೆ.

ಶ್ರೀನಿವಾಸಪುರದ ಸದಸ್ಯೆ: ಸರ್, ವೈರ್ ಕತ್ತರಿಸಿದೆವು. ಜನರೇಟರ್ ಹುಣಸೆಮರದ ಬುಡಕ್ಕೆ ಹೋಯಿತು. ಸಿಲಿಂಡರ್ ಸಂಜೆ ಬಂತು, ಮುಳ್ಳು ಹಸಿರಿನಲ್ಲಿದೆ.

ಗುತ್ತಿಗೆದಾರರು: ಒಳ್ಳೆಯದಾಯಿತು ಅಮ್ಮ. ಸಿಲಿಂಡರ್ ತೆರೆಯುವ ಕೀಲಿಯನ್ನು ದಾರದಲ್ಲಿ ಅದರ ಕುತ್ತಿಗೆಗೇ ಕಟ್ಟಿ. ಈಗ ದೀಪ ಆರಿಸಿ, ಟಾರ್ಚ್ ಬೆಳಕಿನಲ್ಲಿ ನೀವೂ ಮೈದುನನೂ ಒಮ್ಮೊಮ್ಮೆ ತೆರೆದು ಮುಚ್ಚಿ ನೋಡಿ. ಬೆಸ್ಕಾಂನ 1912 ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.